ಎಂಜಿನ್ ಬದಲಿಸಿದ ಹಳೆಯ ಕಾರಿನಲ್ಲಿ ಪವರ್ ಸ್ಟಿಯರಿಂಗ್ ತೊಂದರೆ: ಪರಿಶೀಲನೆಯ ಕ್ರಮ

1984ರಲ್ಲಿ ಮಾರುಕಟ್ಟೆಗೆ ಬಂದ ಕಾಂಟೆಸ್ಸಾ, 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಮುಂತಾದ ಹಳೆಯ ಕಾರುಗಳಿಗೆ ಬೇರೆ ಎಂಜಿನ್ ಕೂರಿಸಿದ ಬಳಿಕ ಪವರ್ ಸ್ಟಿಯರಿಂಗ್ ಬಿಗಿಯಾಗುವುದುಂಟು. ಹೊಸಬಾಳೆಯಿಂದ ಸೊರಬಕ್ಕೆ ಹೋಗಿಬರುವಾಗ ಇದು ಬರಿಯ ತೊಡಕೆನಿಸಬಹುದು. ಆಗುಂಬೆ ಅಥವಾ ಹುಲಿಕಲ್ ಘಾಟಿಯ ತಿರುವಿನಲ್ಲಿ ಪ್ರಾಣಾಪಾಯಕ್ಕೆ ಎಡೆಮಾಡೀತು. ಕೂಡಲೇ ಪಂಪ್ ಬದಲಿಸಲು ಮುಂದಾಗುವುದು ಸರಿಯಲ್ಲ. ಎಂಜಿನ್ ಬದಲಾದಾಗ ಅದರೊಡನೆ ಏನೇನು ಬದಲಾಯಿತೆಂಬುದನ್ನು ಮೊದಲು ಪರಿಶೀಲಿಸಬೇಕು.

ಎಂಜಿನ್ ನಿಲ್ಲಿಸಿ ನೋಡುವುದು: ಮುಂದಿನ ಚಕ್ರಗಳನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಬೇಕು. ನಡುವೆ ಎಲ್ಲಿಯಾದರೂ ಹಿಡಿದಂತಾದರೆ ದೋಷ ಆಯಿಲ್ ಒತ್ತಡದ್ದಲ್ಲ. ಸ್ಟಿಯರಿಂಗ್ ಶಾಫ್ಟಿನ ಜಾಯಿಂಟ್ ಹೊಸ ಎಂಜಿನ್ನಿನ ಮೌಂಟಿಂಗಿಗೋ ಸೈಲೆನ್ಸರ್ ಕೊಳವೆಗೋ ತಗುಲುತ್ತಿರಬಹುದು.

ಬೆಲ್ಟ್ ಮತ್ತು ಪುಲ್ಲಿ: ಹೊಸ ಬ್ರಾಕೆಟ್ಟಿನಲ್ಲಿ ಕೂರಿಸಿದ ಪಂಪಿನ ಪುಲ್ಲಿ ಎಂಜಿನ್ ಪುಲ್ಲಿಯ ನೇರಕ್ಕಿರಬೇಕು. ತಿರುಗಿಸುವಾಗ ಕಿರುಗುಟ್ಟಿದರೆ ಬೆಲ್ಟ್ ಜಾರುತ್ತಿದೆಯೆಂದು ತಿಳಿಯಬೇಕು. ನಿಧಾನಗತಿಯಲ್ಲಿ ಮಾತ್ರ ಬಿಗಿಯಿದ್ದು ಆಕ್ಸಿಲೇಟರ್ ಒತ್ತಿದೊಡನೆ ಹಗುರಾದರೆ, ಪಂಪಿನ ಪುಲ್ಲಿ ದೊಡ್ಡದಾಗಿ ಪಂಪ್ ನಿಧಾನವಾಗಿ ತಿರುಗುತ್ತಿರಬಹುದು.

ತಿರುಗುವ ದಿಕ್ಕು: ಇಂಥ ಪಂಪುಗಳು ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ತಿರುಗುವಂತೆ ತಯಾರಾದವು. ಮುಖ ಹಿಂದುಮುಂದಾಗಿ ಕೂರಿಸಿದರೆ ಪಂಪ್ ತಿರುಗಿದರೂ ಒತ್ತಡ ಹುಟ್ಟದು.

ಗಾಳಿ: ಆಯಿಲ್ ನೊರೆಯಾಗುವುದು, ಗುಂಯ್‌ಗುಡುವ ಸದ್ದು ಬರುವುದು ಗಾಳಿ ಸೇರಿದುದರ ಲಕ್ಷಣ. ಚಕ್ರಗಳನ್ನು ಎತ್ತಿದ ಸ್ಥಿತಿಯಲ್ಲಿ, ಎಂಜಿನ್ ನಿಲ್ಲಿಸಿಯೇ, ಸ್ಟಿಯರಿಂಗನ್ನು ಹಲವು ಬಾರಿ ಎಡಬಲಕ್ಕೆ ತಿರುಗಿಸುತ್ತ ಆಯಿಲ್ ತುಂಬಬೇಕು. ಗುಳ್ಳೆ ನಿಂತ ಮೇಲಷ್ಟೇ ಎಂಜಿನ್ ಚಾಲೂ ಮಾಡಬೇಕು.

ಪಂಪ್ ಮತ್ತು ಬಾಕ್ಸಿನ ಹೊಂದಾಣಿಕೆ: ಒಂದು ವಾಹನದ ಪಂಪ್, ಇನ್ನೊಂದರ ಸ್ಟಿಯರಿಂಗ್ ಬಾಕ್ಸ್ ಕೂಡಿಸಿದಲ್ಲಿ ಇವೆರಡರ ಅಳತೆ ಹೊಂದದಿರಬಹುದು. ಒತ್ತಡ ಸಾಲದಿದ್ದರೆ ಎಲ್ಲ ವೇಗದಲ್ಲಿಯೂ ಬಿಗಿ. ಆಯಿಲ್ ಹರಿವು ಅತಿಯಾದರೆ ವೇಗದಲ್ಲಿ ಅಳತೆಗೆ ಮೀರಿದ ಹಗುರ. ನುರಿತ ಮೆಕ್ಯಾನಿಕ್ ಗೇಜ್ ಇಟ್ಟು ಅಳೆದ ನಂತರವೇ ಪಂಪ್ ಬದಲಿಸುವ ಮಾತು. ಪೆಟ್ರೋಲ್ ಎಂಜಿನ್ ತೆಗೆದು ಹೆಚ್ಚು ತೂಕದ ಡೀಸೆಲ್ ಎಂಜಿನ್ ಕೂರಿಸಿದ್ದರೆ ಮುಂಭಾಗದ ಭಾರವೂ ಒಂದು ಕಾರಣವಾದೀತು.

ಎಚ್ಚರಿಕೆಗಳು: ಬ್ರೇಕ್ ಆಯಿಲನ್ನು ಇದಕ್ಕೆ ಸುರಿಯಲೇಬಾರದು, ಸೀಲುಗಳು ಹಾಳಾಗುತ್ತವೆ. ಒತ್ತಡದ ಹೋಸ್ ಸೈಲೆನ್ಸರ್ ಕೊಳವೆಯಿಂದ ದೂರವಿರಬೇಕು, ಆಯಿಲ್ ಸೋರಿ ಬಿಸಿ ಕೊಳವೆಯ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು. ಎಂಜಿನ್ ಓಡುವಾಗ ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡದೆ ರಟ್ಟಿನ ತುಂಡು ಹಿಡಿದು ನೋಡಬೇಕು. ದಾರಿಯಲ್ಲಿ ಬೆಲ್ಟ್ ಹರಿದರೂ ಚಕ್ರ ತಿರುಗುತ್ತದೆ, ಆದರೆ ಬಹಳ ಬಲ ಬೇಕು. ವೇಗ ತಗ್ಗಿಸಿ ವಾಹನವನ್ನು ಬದಿಗೆ ನಿಲ್ಲಿಸುವುದೇ ಲೇಸು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಡುಗಳಿಗೆ ಸಂಬಂಧಿಸಿದ್ದು. ಎಂಜಿನ್ ಬದಲಿಸುವ ಮೊದಲೇ ನೋಂದಣಿ ಪ್ರಾಧಿಕಾರದ ಅನುಮತಿ ಪಡೆದು, ಬದಲಾವಣೆಯನ್ನು ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳುವುದು ಮಾಲೀಕರ ಹೊಣೆ.