ಮಿಲಿಗ್ರಾಂ-ಗಂಟೆಗಳ ಲೆಕ್ಕ

1920ರ ದಶಕದಲ್ಲಿ ಗರ್ಭಕೊರಳಿನ ಕ್ಯಾನ್ಸರ್‌ಗೆ ರೇಡಿಯಂ ಇಡುವ ಎರಡು ಪದ್ಧತಿಗಳು ಯುರೋಪಿನಲ್ಲಿ ಹೆಸರಾಗಿದ್ದವು. ಪ್ಯಾರಿಸ್‌ನಲ್ಲಿ ಕಡಿಮೆ ರೇಡಿಯಂ ತುಂಬಿದ ಕೊಳವೆಗಳನ್ನು ಗರ್ಭಕೋಶ ಮತ್ತು ಯೋನಿಯೊಳಗಿಟ್ಟು ಸುಮಾರು ಐದು ದಿನ ಹಾಗೇ ಬಿಡುತ್ತಿದ್ದರು. ಸ್ಟಾಕ್‌ಹೋಮ್‌ನ ರೇಡಿಯಂಹೆಮೆಟ್ ಆಸ್ಪತ್ರೆಯದು ಬಿರುಸಿನ ದಾರಿ: ಹೆಚ್ಚು ರೇಡಿಯಂ, ಒಂದು ಸಲಕ್ಕೆ ಒಂದು ದಿನದಷ್ಟು ಹೊತ್ತು, ತಿಂಗಳೊಳಗೆ ಎರಡೋ ಮೂರೋ ಸಲ.

ಎರಡೂ ಕಡೆ ಲೆಕ್ಕ ಇಡುತ್ತಿದ್ದುದು ಮಿಲಿಗ್ರಾಂ-ಗಂಟೆಗಳಲ್ಲಿ. 60 ಮಿಲಿಗ್ರಾಂ ರೇಡಿಯಂ 120 ಗಂಟೆ ಒಳಗಿದ್ದರೆ 7,200. ಸಣ್ಣ ಉರಿಯಲ್ಲಿ ಕಾಯಿಸಿದ ಹಾಲಿಗೂ ದೊಡ್ಡ ಉರಿಯಲ್ಲಿ ಕಾಯಿಸಿದ ಹಾಲಿಗೂ ಒಂದೇ ಅಳತೆಯ ಸೌದೆ ಹಿಡಿದಿರಬಹುದು. ತಳ ಹತ್ತಿದ್ದು ಯಾವುದು ಎಂಬುದನ್ನು ಸೌದೆಯ ಲೆಕ್ಕ ಹೇಳುವುದಿಲ್ಲ. ಮಿಲಿಗ್ರಾಂ-ಗಂಟೆಯ ಕೊರತೆಯೂ ಅದೇ. ಅದು ರೇಡಿಯಂ ಅನ್ನು ಅಳೆಯುತ್ತಿತ್ತು, ಹೆಂಗಸಿನ ಮೈಯನ್ನಲ್ಲ.

ಗರ್ಭಕೊರಳಿನ ಮುಂದೆ ಮೂತ್ರಕೋಶ, ಹಿಂದೆ ಗುದನಾಳ. 'ಅಡ್ಡಪರಿಣಾಮ' ಎಂಬ ಪದ ಇಲ್ಲಿ ಅಕ್ಷರಶಃ ಹೊಂದುತ್ತದೆ: ಪೆಟ್ಟು ಬೀಳುವುದು ಅಕ್ಕಪಕ್ಕಕ್ಕೆ. ಚಿಕಿತ್ಸೆಯ ದಿನಗಳ ಭೇದಿ, ಉರಿಮೂತ್ರ ಸಾಮಾನ್ಯವಾಗಿ ವಾರಗಳಲ್ಲಿ ಇಳಿಯುತ್ತವೆ. ತಿಂಗಳುಗಳು, ವರ್ಷಗಳು ಕಳೆದ ಮೇಲೆ ಬರುವವು ಬೇರೆ: ಮಲದಲ್ಲಿ ರಕ್ತ, ಕಿರಿದಾದ ಯೋನಿ, ಕೆಲವರಲ್ಲಿ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು. ಕ್ಯಾನ್ಸರ್ ಗೆದ್ದ ಹೆಂಗಸು ಹಗಲೂ ರಾತ್ರಿ ಮೂತ್ರ ಸೋರುತ್ತ ಬದುಕಬೇಕು. 'ಗುಣವಾಯಿತು' ಎಂಬ ಷರಾ ಈ ಬದುಕಿನ ಬಗ್ಗೆ ಏನನ್ನೂ ಹೇಳದು.

ನಿಧಾನದ ಪರ ವಾದಿಸಿದವರು ಪ್ಯಾರಿಸ್‌ನ ಕ್ಲೋಡಿಯಸ್ ರೆಗೋ. ಅವರ ಆಧಾರ ಟಗರುಗಳು. ಒಂದೇ ಪಟ್ಟಿಗೆ ವಿಕಿರಣ ಕೊಟ್ಟು ಟಗರಿನ ವೀರ್ಯೋತ್ಪತ್ತಿ ನಿಲ್ಲಿಸಲು ಹೋದರೆ ವೃಷಣದ ಚರ್ಮ ಸುಟ್ಟುಹೋಗುತ್ತಿತ್ತು. ದಿನಗಳ ಮೇಲೆ ಹಂಚಿ ಕೊಟ್ಟರೆ ವೀರ್ಯ ನಿಲ್ಲುತ್ತಿತ್ತು, ಚರ್ಮ ಉಳಿಯುತ್ತಿತ್ತು. ಬೇಗ ಬೇಗ ಒಡೆಯುವ ಗಡ್ಡೆಯ ಕೋಶಗಳೂ ಹೀಗೆಯೇ ಸೋಲಬೇಕೆಂಬುದು ಅವರ ತರ್ಕ.

ಲೆಕ್ಕವನ್ನೇ ಬದಲಿಸಿದ್ದು ಮ್ಯಾಂಚೆಸ್ಟರ್. 1938ರಲ್ಲಿ ಮಾರ್ಗರೆಟ್ ಟಾಡ್ ಮತ್ತು ಡಬ್ಲ್ಯು. ಜೆ. ಮೆರೆಡಿತ್ 'ಎ' ಬಿಂದುವನ್ನು ಗುರುತಿಸಿದರು: ಯೋನಿಯ ತುದಿಯಿಂದ 2 ಸೆಂ.ಮೀ. ಮೇಲೆ, ಗರ್ಭಕೊರಳಿನ ನಡುವಿನಿಂದ 2 ಸೆಂ.ಮೀ. ಪಕ್ಕಕ್ಕೆ. ಗರ್ಭಕೋಶದ ರಕ್ತನಾಳವು ಮೂತ್ರನಾಳವನ್ನು ದಾಟುವ ಜಾಗ ಅಲ್ಲೇ ಹತ್ತಿರ. ವಿಕಿರಣದ ಹಾನಿ ಮೊದಲು ಶುರುವಾಗುವುದು ಅಲ್ಲಿ ಎಂದು ಅವರು ನಂಬಿದ್ದರು. ಅಂದರೆ ಆ ಬಿಂದುವನ್ನು ಆರಿಸಿದ್ದು ಗಡ್ಡೆಯ ಗಾತ್ರ ನೋಡಿಯಲ್ಲ, ಮೈ ಎಷ್ಟು ತಾಳುತ್ತದೆ ಎಂಬುದನ್ನು ನೋಡಿ. ಅಲ್ಲಿಗೆ 8,000 ರಾಂಟ್‌ಜನ್, 72 ಗಂಟೆಗಳ ಎರಡು ಕಂತುಗಳಲ್ಲಿ. ಗುದನಾಳ, ಮೂತ್ರಕೋಶಗಳನ್ನು ದೂರ ಸರಿಸಲು ಯೋನಿಯೊಳಗೆ ಗಾಜು ಬಟ್ಟೆ ತುರುಕುತ್ತಿದ್ದರು. ಸಾಧಾರಣ ಬಟ್ಟೆ, ಆದರೆ ಮೂಲದಿಂದ ತುಸು ದೂರ ಸರಿದರೂ ವಿಕಿರಣ ಬಹಳ ಇಳಿಯುತ್ತದೆ.

1960ರ ದಶಕದ ನಂತರ ದಿನಗಳ ಕೆಲಸ ನಿಮಿಷಗಳಿಗೆ ಇಳಿಯಿತು. ವೇಗದ ಜೊತೆ ಹಳೆಯ ಭಯವೂ ಮರಳಿತು. ಹಾಗಾಗಿ ಪ್ರಮಾಣವನ್ನು ಮತ್ತೆ ಕಂತುಗಳಾಗಿ ಒಡೆಯಬೇಕಾಯಿತು.

ಹೊರಗಿನಿಂದ ಕೊಡುವ ವಿಕಿರಣದ್ದೂ ಇದೇ ಕಥೆ, ಅಲ್ಲಿ ಪೆಟ್ಟು ಕರುಳಿಗೆ. ಮುಂಬೈನ ಟಾಟಾ ಮೆಮೋರಿಯಲ್ ಸೆಂಟರ್‌ನಲ್ಲಿ 2011ರಿಂದ ಶಸ್ತ್ರಚಿಕಿತ್ಸೆಯಾದ 300 ಹೆಂಗಸರ ಮೇಲೆ ನಡೆದ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ಹಿಂದಿನ ರೀತಿಯಲ್ಲಿ, ಉಳಿದವರಿಗೆ ದಿನವೂ ಚಿತ್ರ ನೋಡಿ ಕರುಳನ್ನು ತಪ್ಪಿಸುವ ರೀತಿಯಲ್ಲಿ ವಿಕಿರಣ ಕೊಟ್ಟರು. ಮೂರು ವರ್ಷಗಳಲ್ಲಿ ಗಣನೀಯ ಕರುಳಿನ ತೊಂದರೆ ಮೊದಲ ಗುಂಪಿನಲ್ಲಿ ಶೇ. 42.4, ಎರಡನೆಯದರಲ್ಲಿ ಶೇ. 21.1. ಕ್ಯಾನ್ಸರ್ ಹತೋಟಿಯಲ್ಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.