ಬಿಳಿ ಎತ್ತು, ಕಂದ ಎತ್ತು: ಮೈಬಣ್ಣದಾಗ ಇರುವ ಇತಿಹಾಸ

ಕಾರ ಹುಣ್ಣಿಮೆ ದಿನ ಕರಿ ಹರಿಯುವಾಗ ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಚಲೋ, ಕಂದ ಎತ್ತು ಬಂದರೆ ಮುಂಗಾರಿ ಚಲೋ ಎಂಬುದು ನಮ್ಮ ಭಾಗದ ಹಿರಿಯರ ಲೆಕ್ಕ. ಎತ್ತಿನ ಬಣ್ಣ ಮುಂದಿನ ಬೆಳೆಯನ್ನು ಹೇಳುತ್ತದೋ ಇಲ್ಲವೋ, ಹಿಂದಿನ ಪೀಳಿಗೆಗಳ ಕಥೆಯನ್ನಂತೂ ಹೇಳುತ್ತದೆ.

ಸಿರಸಂಗಿ ಸುತ್ತಲಿನದು ಎರಿ ಭೂಮಿ. ಮಳೆಯಾದರೆ ಕಾಲು ಹೂಳುವ ಈ ಕರಿ ಮಣ್ಣಿನಲ್ಲಿ ರಂಟಿ ಎಳೆಯಲು ಭಾರಿ ಮೈಯ ಎತ್ತು ಬೇಕು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಬಯಲಿನಲ್ಲಿ ಬೆಳೆದ ಕೃಷ್ಣಾ ಕಣಿವೆ ತಳಿ ಅಂಥದು. 19ನೇ ಶತಮಾನದ ಕೊನೆಯಲ್ಲಿ ಸಾಂಗಲಿ ಕಡೆಯ ಪಟವರ್ಧನ ಸಂಸ್ಥಾನಿಕರು ಇದಕ್ಕೆ ಆಸರೆಯಾದರು. ಗುಜರಾತಿನ ಗೀರ್ ಮತ್ತು ಕಾಂಕ್ರೇಜ್, ಆಂಧ್ರದ ಓಂಗೋಲ್, ಮೈಸೂರು ಕಡೆಯ ದನ, ಇಷ್ಟೂ ರಕ್ತ ಇದರಲ್ಲಿದೆ. ಗೀರ್ ಕೆಂಪು, ಕಾಂಕ್ರೇಜ್ ಬೂದು, ಓಂಗೋಲ್ ಬಿಳಿ. ಹಾಗಾಗಿ ಕೃಷ್ಣಾ ಕಣಿವೆ ದನಗಳಲ್ಲಿ ಬೂದು ಮಿಶ್ರಿತ ಬಿಳಿ ಹೆಚ್ಚಾದರೂ ಕಂದು-ಬಿಳಿ, ಕರಿ-ಬಿಳಿ ಹಂಡಬಂಡ ಮೈಯವೂ ಹುಟ್ಟುತ್ತವೆ. ಹಂಡ ಕರುವನ್ನು ‘ಜಾತಿ ಕೆಟ್ಟದ್ದು’ ಎನ್ನುವವರು ಈ ಕಥೆ ನೆನೆಯಬೇಕು.

ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದ ಮೇಲೆ ಬಣ್ಣದ ಗುಟ್ಟು ಬಿಚ್ಚತೊಡಗಿತು. ದನದ ಕೂದಲಿಗೆ ಬಣ್ಣ ಕೊಡುವುದು ಎರಡೇ ವರ್ಣದ್ರವ್ಯ: ಒಂದು ಕರಿ, ಇನ್ನೊಂದು ಕೆಂಪು. ಯಾವುದು ಎಷ್ಟು, ಮೈಯ ಯಾವ ಭಾಗದಲ್ಲಿ ಎಂಬುದನ್ನು ಕೆಲವು ಜೀನ್‌ಗಳು ತೀರ್ಮಾನಿಸುತ್ತವೆ. ಕೆಲವು ಗುಣ ಮುಂದೆ ನಿಲ್ಲುತ್ತವೆ, ಕೆಲವು ಅಡಗಿ ಕೂರುತ್ತವೆ. ಕರಿ-ಬಿಳಿ ಎಚ್‌ಎಫ್ ತಂದೆ ತಾಯಿಗೆ ಒಮ್ಮೊಮ್ಮೆ ಕೆಂಪು-ಬಿಳಿ ಕರು ಹುಟ್ಟುವುದು ಹೀಗೆ: ಇಬ್ಬರಲ್ಲೂ ಅಡಗಿದ್ದ ಕೆಂಪು ಜೀನ್ ಕರುವಿನಲ್ಲಿ ಜೋಡಿಯಾಗುತ್ತದೆ.

ಬಣ್ಣ ವಯಸ್ಸಿನೊಂದಿಗೂ ಬದಲಾಗುತ್ತದೆ. ಕಿಲಾರಿ ಕರುವಿನ ನೆತ್ತಿ ಹುಟ್ಟುವಾಗ ತುಕ್ಕಿನ ಬಣ್ಣ. ಒಂದೆರಡು ತಿಂಗಳಲ್ಲಿ ಅದು ಮಾಯ. ಹೋರಿಯ ಹೆಗಲು, ಹಿಳಿಲು ಆಕಳಿಗಿಂತ ಕಪ್ಪಾಗುವುದು ಗಂಡು ಹಾರ್ಮೋನಿನಿಂದ.

1970ರಲ್ಲಿ ಕ್ಷೀರಕ್ರಾಂತಿ ಶುರುವಾಯಿತು. ಹಾಲಿಗಾಗಿ ಎಚ್‌ಎಫ್ ವೀರ್ಯ ಹಳ್ಳಿಗೆ ಬಂತು, ಹೊಲಕ್ಕೆ ಟ್ರ್ಯಾಕ್ಟರ್ ಬಂತು. ಎಚ್‌ಎಫ್‌ನ ಕರಿ ಜೀನ್ ಬಲು ಜೋರು. ಬಿಳಿ ಜವಾರಿ ಆಕಳಿಗೂ ಮೊದಲ ಸಲವೇ ಕರಿ ಕರು. ಆ ಕರುವಿನಲ್ಲಿ ಅರ್ಧ ಪಾಲು ತಾಯಿಯದೇ ಇದ್ದರೂ ಕಣ್ಣಿಗೆ ಕಾಣದು. ಇತ್ತ ಕೃಷ್ಣಾ ಕಣಿವೆ ತಳಿಯ ಹೋರಿಗಳು ವಿರಳವಾದವು. ಇದೇ ತಳಿಯ ರಕ್ತ ಸ್ವಲ್ಪ ಮಟ್ಟಿಗೆ ಅಮೆರಿಕದ ಬ್ರಾಹ್ಮನ್ ತಳಿಗೂ ಸೇರಿದೆ. ಅಲ್ಲಿ ಉಳಿದದ್ದು ಇಲ್ಲಿ ಅಳಿಯಬಾರದು.

ಅದಕ್ಕೇ ನಮ್ಮ ಮಾತು ಇಷ್ಟೆ. ಬಣ್ಣ ನಿರ್ಧರಿಸಲು ನಾಲ್ಕಾರು ಜೀನ್ ಸಾಕು. ಎಳೆಯುವ ಬಲ, ಬಿಸಿಲು ತಡೆಯುವ ಗುಣ, ರೋಗ ತಾಳುವ ಶಕ್ತಿಗೆ ನೂರಾರು ಬೇಕು, ಜೊತೆಗೆ ಮೇವೂ ಬೇಕು. ಉಳಿದಿರುವುದೇ ಕೆಲವು ಹೋರಿಗಳಾದಾಗ, ಮೈಮೇಲೆ ಮಚ್ಚೆಯಿದೆ ಎಂದು ಒಂದನ್ನು ಸಂತೆಗೆ ಹೊಡೆದರೆ ಮಚ್ಚೆಯ ಜೊತೆ ಆ ನೂರಾರೂ ಹೋಗುತ್ತವೆ. ಬೀಜದ ಹೋರಿ ಆರಿಸುವಾಗ ಕಾಲು, ಗೊರಸು, ಹೆಗಲು, ತಾಯಿಯ ಹಾಲು ನೋಡಿ. ಬಣ್ಣ ಕೊನೆಗಿರಲಿ.