ಬೆಣ್ಣೆ ದೋಸೆ ಬರೋವರೆಗೂ ಏನ್ ಮಾಡ್ತೀರಿ?

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲೊಂದರಲ್ಲಿ ಕೂತಿದ್ದೀರಿ ಅಂದ್ಕೊಳ್ಳಿ. ಎದುರಿಗೇ ಕಾವಲಿ, ಅದರ ಮೇಲೆ ಬೆಣ್ಣೆ ಚುರ್ ಅಂತಿದೆ. ನಿಮ್ಮ ಸರದಿ ಇನ್ನೂ ಬಂದಿಲ್ಲ. ಒಂದೇ ಸಾಕು ಅಂತ ಬಂದವರು, ನೋಡ್ತಾ ನೋಡ್ತಾ ಎರಡು ಹೇಳಿಬಿಡ್ತೀರಿ. ಯಾಕೆ?

ಮೊದಲು ದೋಸೆ ಕಥೆ. ಊರಲ್ಲಿ ಹೇಳೋ ಪ್ರಕಾರ, 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳ ಜೊತೆ ಬಂದ ಚೆನ್ನಮ್ಮ, ನಾಟಕ ಥಿಯೇಟರ್ ಒಂದರ ಎದುರು ರಾಗಿ ದೋಸೆ ಮಾರೋಕೆ ಶುರು ಮಾಡಿದರು. ಆಮೇಲೆ ಅವರ ಮಕ್ಕಳು ರಾಗಿ ಬಿಟ್ಟು ಅಕ್ಕಿ, ಉದ್ದು, ಮಂಡಕ್ಕಿ ಸೇರಿಸಿ ರುಬ್ಬಿದರು. ಅವತ್ತಿನಿಂದ ಇವತ್ತಿನವರೆಗೂ ದೋಸೆಗೆ ಕಾಯೋದು ತಪ್ಪಿಲ್ಲ.

ಕಣ್ಣೆದುರಿನ ತಿಂಡಿಗೆ ಕಾಯೋದು ಎಷ್ಟು ಕಷ್ಟ? ಅದನ್ನ ಅಳೆದು ನೋಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್. ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದ ಮಕ್ಕಳ ಮುಂದೆ ತಿಂಡಿ ಇಟ್ಟರು. ಕಾದರೆ ಇಷ್ಟದ ತಿಂಡಿ. ಕಾಯೋಕೆ ಆಗದಿದ್ರೆ ಗಂಟೆ ಬಾರಿಸಬಹುದು, ಆಗ ಸಿಗೋದು ಅಷ್ಟೇನೂ ಇಷ್ಟ ಇಲ್ಲದ್ದು.

1972ರಲ್ಲಿ ಫಲಿತಾಂಶ ಪ್ರಕಟವಾಯ್ತು. ಸುಮ್ಮನೆ ಕೂತ ಮಕ್ಕಳು ಸರಾಸರಿ ಒಂದು ನಿಮಿಷಾನೂ ಕಾಯಲಿಲ್ಲ. ಕೈಗೆ ಸ್ಪ್ರಿಂಗ್ ಆಟಿಕೆ ಸಿಕ್ಕವರು 8 ನಿಮಿಷ ದಾಟಿದರು. ಖುಷಿಯ ವಿಷಯ ನೆನೆಸ್ಕೊಳ್ಳಿ ಅಂತ ಹೇಳಿಸಿಕೊಂಡವರು ಸುಮಾರು 12 ನಿಮಿಷ ಕಾದರು. ತಿಂಡಿ ಅದೇ, ಕಾಯೋ ಹೊತ್ತಲ್ಲಿ ಮಾಡಿದ ಕೆಲಸ ಮಾತ್ರ ಬೇರೆ.

ಕಾದ ಮಕ್ಕಳೇ ಮುಂದೆ ಬದುಕಲ್ಲಿ ಗೆಲ್ತಾರೆ ಅನ್ನೋ ಮಾತು ಆಮೇಲೆ ಹಬ್ಬಿತು. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ನೋಡಿದಾಗ, ಮನೆ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತಗೊಂಡ್ರೆ ಆ ನಂಟು ತುಂಬಾ ಸಣ್ಣದಾಯ್ತು. ಅಂದ್ರೆ ತಾಳ್ಮೆ ಹಣೆಬರಹ ಅಲ್ಲ.

ಈಗ ಹರಿಹರ ಸ್ಟೇಷನ್‌ಗೆ ಬನ್ನಿ. ದಾವಣಗೆರೆ ಪಕ್ಕದಲ್ಲೇ ಇದೆ, ಆದ್ರೆ ರೈಲು ಲೇಟು. ಕೈ ತಾನಾಗೇ ಫೋನ್‌ಗೆ ಹೋಗುತ್ತೆ. ಆ ಮಕ್ಕಳಿಗೆ ಆಟಿಕೆ ಬೇರೆ, ತಿಂಡಿ ಬೇರೆ ಇತ್ತು. ನಮ್ಮ ಫೋನ್‌ನಲ್ಲಿ ಎರಡೂ ಒಂದೇ. ಟೈಮ್‌ಪಾಸ್‌ಗೆ ರೀಲ್ಸ್, ನಡುವೆ ಸೇಲ್, ಅದರ ಹಿಂದೆ ಲೋನ್ ಆ್ಯಪ್. ರೈಲು ಬರೋಷ್ಟರಲ್ಲಿ ತಿಂಗಳ ಸಂಬಳದ ಲೆಕ್ಕ ತಪ್ಪಿರುತ್ತೆ.

ಹಾಗಂತ ಹಲ್ಲು ಕಚ್ಚಿ ಕೂರಬೇಕಿಲ್ಲ. ಪಕ್ಕದವರ ಹತ್ರ ನಾಲ್ಕು ಮಾತಾಡಿ, ಹಾಡು ಗುನುಗಿ. ದೋಸೆ ಹೋಟೆಲ್‌ಗೆ ಹೋದ್ರೆ ಕಾವಲಿಗೆ ಬೆನ್ನು ಹಾಕಿ ಕೂತ್ಕೊಳ್ಳಿ. ಎರಡನೇ ದೋಸೆ ಬೇಕಾ ಅಂತ ಮೊದಲನೇದು ತಿಂದ ಮೇಲೆ ಹೇಳಿದ್ರಾಯ್ತು.